ಮಧ್ಯಾಹ್ನ ಮನೀಗೆ ಬರೂ ಹೊತ್ತು

ಅರವತ್ತೆರಡು ಶಬ್ದ. ಮೂರು ಕಲಂ.
ಮೊದಲನೇದರಲ್ಲಿ ಇಂಗ್ಲಿಷು, ಎರಡನೇದರಲ್ಲಿ ಸಮಿತಿಯ ಕನ್ನಡ,
ಮೂರನೇದು ಖಾಲಿ: 'ಸ್ಥಳೀಯ ಬಳಕೆ ಇದ್ದರೆ'.
ಡಿಪ್ಲೊಮಾ ಹುಡುಗರ ಕೈಪಿಡಿಗೆ, ಏಪ್ರಿಲ್ ಮುಗಿಯುವುದರೊಳಗೆ.

ಥರ್ಮಲ್ ಮಾಸ್, ಉಷ್ಣ ದ್ರವ್ಯರಾಶಿ.
ಟೈಮ್ ಲ್ಯಾಗ್, ಕಾಲವಿಳಂಬ.
ಓದಿದರೆ ಕೋರ್ಟಿನ ನೋಟೀಸು ಬಂದ ಹಾಗೆ.
ಹಾಳೆ ಮಡಚಿಕೊಂಡು ಬೆಟಗೇರಿಗೆ ಹೋದೆ,
ಗೌಂಡಿ ದಾವಲಸಾಬರ ಕಡೆ.

ಚಾ ತರಿಸಿದರು. ಬಸಿಯಲ್ಲಿ ಸುರುವಿಕೊಂಡು ಊದಿದರು.
'ಇದೂ ಬರಕೋರಿ, ಬಾಯಿ ಅಗಲಾದಷ್ಟು ಲಗೂ ಆರತೈತಿ.'
ಯಾವ ಶಬ್ದಕ್ಕೆ ಅಂತ ನನಗೆ ಇನ್ನೂ ಹೊಳೆದಿಲ್ಲ.

ಟೈಮ್ ಲ್ಯಾಗ್ ವಿವರಿಸಿದೆ, ಬೆರಳಿನಿಂದ ನೆಲದ ಮೇಲೆ ಗೋಡೆ ಬರೆದು.
'ಓಹೋ, ಅದಾ. ನಮ್ಮಪ್ಪನ ಮನ್ಯಾಗ ಮೊಳ ದಪ್ಪ ಮಣ್ಣಗ್ವಾಡಿ ಇತ್ತಲ್ರಿ,
ಹೊರಗ ಹನ್ನೆರಡಕ್ಕ ಆಗೂ ಮಧ್ಯಾಹ್ನ
ಒಳಗ ಬರೂದು ರಾತ್ರಿ ಹತ್ತಕ್ಕ.
ಅಷ್ಟೊತ್ತಿಗೆ ನಾವು ಹಾಸಿಗಿ ತಗೊಂಡು ಮಾಳಗಿ ಮ್ಯಾಲ.
ಹಿಂಗಾಗಿ ಅದಕ್ಕೂ ನಮಗೂ ಭೆಟ್ಟಿನ ಇಲ್ಲ.'

ಬರೆದುಕೊಂಡೆ. ಕಲಂ ಸಾಲದಾಯಿತು.

ಇನ್ಸುಲೇಶನ್ನು? 'ಕೌದಿ.
ಕೌದಿ ತಾನೇನೂ ಬೆಚ್ಚಗಿರೂದಿಲ್ರಿ,
ನಿಮ್ಮ ಬಿಸಿ ನಿಮ್ಮ ಹಂತೇಕ ಇಟಗೊಂಡು ಕುಂದರತೈತಿ.'
ಥರ್ಮಲ್ ಬ್ರಿಜ್ಜಿಗೆ ಸಮಿತಿ ಉಷ್ಣಸೇತು ಎಂದಿತ್ತು.
ಗೋಡೆ ಎಷ್ಟೇ ದಪ್ಪವಿರಲಿ, ಕಬ್ಬಿಣದ ತೊಲೆಯೊಂದು
ಬಿಸಿಲಿಗೆ ತಲೆ ಚಾಚಿ
ಹೊರಗಿನದನ್ನೆಲ್ಲ ಒಳಗೆ ತಂದು ಹೇಳುವುದು.
'ಚಾಡಿಕೋರ,' ಅಂದು ಅವರೇ ನಕ್ಕರು.

ಬಾಜೂ ಮನೆಯ ಗುರುಬಸವ್ವ ನೆಲಕ್ಕೆ ಸಮ ಕೂತು
ಕಾಲೆರಡೂ ಮಗ್ಗದ ಕುಣಿಗೆ ಇಳಿಬಿಟ್ಟಿದ್ದಳು.
'ಕಾಲಿಗೆ ಶ್ರಾವಣ, ತಲಿಗೆ ಬ್ಯಾಸಗಿ,' ಅಂದಳು, ಲಾಳಿ ನಿಲ್ಲಿಸದೆ.
ನಲವತ್ತೊಂದನೇ ಶಬ್ದ, ಭೂಸಂಪರ್ಕ ಶೀತಲೀಕರಣ,
ಅಲ್ಲಿಗೆ ಮುಗಿಯಿತು.

ನನ್ನ ಕಣ್ಣು ಅರಳಿದ್ದು ಕಂಡಿರಬೇಕು.
'ಸೋರತಿತ್ರಿ,' ಅಂದರು ದಾವಲಸಾಬರು.
'ಮಿರಗಾ ಬರೂದಕ್ಕ ಮೊದಲ ಬುಟ್ಟಿ ಬುಟ್ಟಿ ಕರಲಮಣ್ಣು
ಮಾಳಗಿಗೆ ಹೊರತಿದ್ಲು ನಮ್ಮವ್ವ. ನೆತ್ತಿ ಮ್ಯಾಲ ಕೂದಲಿರಲಿಲ್ಲ ಆಕಿಗೆ.
ಜಂತಿಯಿಂದ ಚೇಳು ಬೀಳತಿದ್ದು, ತೊಟ್ಟಿಲದಾಗ.
ಅದನ್ನೂ ಯಾವುದರ ಕಲಮಿನ್ಯಾಗ ಹಾಕ್ರಿ.'

ಅವರೀಗ ಇರುವುದು ತಾವೇ ಹಾಕಿದ ಸ್ಲ್ಯಾಬಿನಡಿ.
ಮೇಲೆ ಎರಡು ಕೈ ಸುಣ್ಣ ಬಳಿದಿದ್ದಾರೆ, ಕಣ್ಣು ಕುಕ್ಕುತ್ತದೆ.
'ಸೂರ್ಯಾಗ ವಾಪಸ್ ಹೋಗಪಾ ಅನ್ನೂ ಬಣ್ಣ.'
ಅದನ್ನೂ ಬರೆದೆ.

ಉಳಿದದ್ದು ಕೊನೇದು: ಥರ್ಮಲ್ ಕಂಫರ್ಟ್.
ಉಷ್ಣಸೌಖ್ಯ, ಅಂದಿದೆ ಸಮಿತಿ.
ಇಷ್ಟು ಡಿಗ್ರಿಯಿಂದ ಇಷ್ಟು, ತೇವ ಇಷ್ಟು, ಗಾಳಿ ಇಷ್ಟು,
ನೂರರಲ್ಲಿ ಎಂಬತ್ತು ಮಂದಿ ತಕರಾರು ಮಾಡದಿದ್ದರೆ ಆಯಿತು.
ಆ ಇಪ್ಪತ್ತು ಮಂದಿ ಯಾರು, ಬರೆದಿಲ್ಲ.

ರಾತ್ರಿ ಹತ್ತಕ್ಕೆ, ಮುಳಗುಂದ ನಾಕಾದ ಬಾಡಿಗೆ ಖೋಲಿಯಲ್ಲಿ
ಕರೆಂಟು ಹೋಗಿ ಫ್ಯಾನು ನಿಧಾನಕ್ಕೆ ನಿಂತಿತು.
ಗೋಡೆಗೆ ಅಂಗೈ ಇಟ್ಟೆ.
ಏಳರ ಸುಮಾರಿಗೇ ಬಂದ ಮಧ್ಯಾಹ್ನ
ಹಾಸಿಗೆಯ ಮೇಲೆ ಕೂತದ್ದು ಇನ್ನೂ ಎದ್ದಿಲ್ಲ.

ಫೋನು ಬಂತು, ದಾವಲಸಾಬರದು.
ಮತ್ತೊಂದು ಶಬ್ದ ನೆನಪಾಗಿರಬೇಕು.
ಮೊದಲು, ಇಲ್ಲಿ ಎಲ್ಲರೂ ಕೇಳುವ ಹಾಗೆ, ಕೇಳಿದರು:
'ಆರಾಮ ಅದೀರೇನ್ರಿ ಬಾಯಾರ?'

ಕತ್ತಲಲ್ಲಿ ಪೆನ್ನು ಹುಡುಕುತ್ತಾ
ಹೂಂ, ಅಂದೆ.