ಕನಕಗಿರಿ ಮೇಲೆ ಹಾದು

ಕ್ಯಾಂಟೀನಿನ ಮೇಜಿನ ಮೇಲೆ ನಕಾಶೆ ಹಾಸಿ
ನಾಲ್ಕು ಮೂಲೆಗೆ ನಾಲ್ಕು ಭಾರ ಇಟ್ಟೆ:
ಉಪ್ಪಿನ ಡಬ್ಬಿ, ಫೋನು, ನೀರಿನ ಲೋಟ,
ಅಂಗಳದಲ್ಲಿ ಬಿದ್ದಿದ್ದ ಅದಿರಿನ ಹೆಂಟೆ.
ತೋರಣಗಲ್ಲಿಂದ ಕಲಬುರಗಿಗೆ
ಸ್ಕೇಲು ಹಿಡಿದು ಎಳೆದರೆ
ಒಂದು ಗೇಣಿಗೆ ತುಸು ಹೆಚ್ಚು.

ಉತ್ತರಕ್ಕೆ ಎಂಟು ಡಿಗ್ರಿ ಪೂರ್ವ.
ನೂರ ಮೂವತ್ತು ಮೈಲಿ, ಗಂಟೆಗೆ ನೂರರಂತೆ
ಎಪ್ಪತ್ತೆಂಟು ನಿಮಿಷ.
"ಬಸ್ಸಿನ್ಯಾಗ ಅರ್ಧ ದಿನ, ನೋಡ್ರಿ" ಅಂದರು
ಮಾಲಕರು ಗವಿಸಿದ್ದಪ್ಪ.
ವಿಮಾನ ಕೊಂಡು ಮೂರು ತಿಂಗಳು,
ಸೀಟಿನ ಪ್ಲಾಸ್ಟಿಕ್ ಬಿಚ್ಚಲು ಇನ್ನೂ ಬಿಟ್ಟಿಲ್ಲ.
"ನೇರ ಹೊಡೀರಿ.
ಮ್ಯಾಲ ಯಾವ ಟೋಲು, ಯಾವ ಹಂಪ್ಸು?"

ಗೇಟಿನ ಮಾಬುಸಾಬ ಚಹಾ ತಂದಿದ್ದ.
ಮೂವತ್ತು ವರ್ಷ ಸ್ಟೇರಿಂಗು,
ಮೊಣಕಾಲು ಸವೆದ ಮೇಲೆ ಈ ಗೇಟು.
ಓದಲು ಬಾರದು; ನಾನು ಹೆಸರು ಹೇಳಿದಂತೆ
ಬೆರಳಿಡುತ್ತ ಹೋದ:
ಕಂಪ್ಲಿ. ಕಾರಟಗಿ. ಸಿಂಧನೂರು.
ಬೆರಳು ನಿಂತಿತು.
"ತಂಗೀ, ನಿನ್ನ ಗೆರಿ ಪೂರಾ ನೀರಾಗ ಐತಲ್ಲ."

ಕಾಲುವೆಗೆ ನೀರು ಬಿಟ್ಟು ಹದಿನೈದು ದಿನ.
ಹೊಳೆ ದಾಟಿದರೆ ಸಿಂಧನೂರಿನ ಆಚೆವರೆಗೂ
ನಾಟಿ ಗದ್ದೆ, ಮೊಣಕಾಲುದ್ದ ಕೆಸರು,
ಬದುವಿಗೆ ಬದು, ಪಂಪ್‌ಸೆಟ್ಟಿನ ತಂತಿ.
ಇಪ್ಪತ್ತು ನಿಮಿಷದ ಹಾದಿ, ಒಂದೇ ಎಂಜಿನ್ನು.
ನಾನು ಪೆಟ್ರೋಲು ಎಣಿಸಿದ್ದೆ, ಗಾಳಿ ಎಣಿಸಿದ್ದೆ,
ಮೋಡದ ತಳ ಎಷ್ಟು ಎತ್ತರವೆಂದು ಕೇಳಿಸಿಕೊಂಡಿದ್ದೆ.
ಅವನು ಕೇಳಿದ್ದು ಒಂದೇ:
"ಗಾಡಿ ಕೆಟ್ರ ಸೈಡಿಗೆ ಎಲ್ಲಿ ಹಾಕ್ತಿ?"

ನಾಲ್ಕೂವರೆ ಸಾವಿರ ಅಡಿಯಲ್ಲಿ ಎಂಜಿನ್ನು ಸುಮ್ಮನಾದರೆ
ನನ್ನ ಪಾಲಿಗೆ ಉಳಿಯುವುದು ಎಂಟು ಕಿಲೋಮೀಟರು,
ನಾಲ್ಕೈದು ನಿಮಿಷ.
ಅಷ್ಟರಲ್ಲಿ ಒಣ ನೆಲ ಸಿಗಬೇಕು.
ಗದ್ದೆಗೆ ಇಳಿದರೆ ಮೂತಿಯ ಗಾಲಿ ಹೂತು
ವಿಮಾನ ತಲೆಕೆಳಗು;
ಸುತ್ತ ಸಸಿಗಳು ಮಾತ್ರ ನೆಟ್ಟಗೆ.

ರಬ್ಬರು ತೆಗೆದುಕೊಂಡೆ.
ಪೆನ್ಸಿಲ್ಲು ಪಡುವಣಕ್ಕೆ ಸರಿಯಿತು. ಕನಕಗಿರಿ,
ಅಲ್ಲಿಂದ ಲಿಂಗಸುಗೂರು, ಆಮೇಲೆ ಕೃಷ್ಣೆ.
"ಮೊದಲ ಐದು ನಿಮಿಷ ಬರೇ ಬಂಡಿಗಲ್ಲು," ಅಂದ,
"ಅದನ್ನ ದಾಟಿದ್ರ ಮಸಾರಿ. ಸಜ್ಜಿ, ಶೇಂಗಾ.
ಮಳಿ ಬಿದ್ರೂ ನೆಲ ಕಾಲು ಹಿಡಿಯಂಗಿಲ್ಲ.
ಈ ಗುಡ್ಡದ ಮ್ಯಾಲ ಮಾತ್ರ ಹುಷಾರು."
ನಕಾಶೆಯಲ್ಲಿ ಅಲ್ಲಿ ಏನೂ ಇರಲಿಲ್ಲ.
"ಗಾಳಿ ಫ್ಯಾನು, ಇಪ್ಪತ್ತೆರಡು.
ಹದಿನಾಲ್ಕರ ರೆಕ್ಕಿ ನಾನ ಹೇರಿಕೊಂಡು ಹೋಗೀನಿ.
ಕುಷ್ಟಗಿ ತಿರುವಿನ್ಯಾಗ ಒಂದೊಂದು ರೆಕ್ಕಿಗೆ
ಮುಂಜಾನಿಂದ ಊಟದ ಹೊತ್ತು."
ಕೆಂಪು ಪೆನ್ನಿನಲ್ಲಿ ಇಪ್ಪತ್ತೆರಡು ಚುಕ್ಕೆ ಇಟ್ಟೆ.

ಶ್ರಾವಣ ಹುಟ್ಟಿದರೂ ಪಡುಗಾಳಿ ಇಳಿದಿಲ್ಲ.
ಬಿಟ್ಟರೆ ನಮ್ಮನ್ನು ಅದೇ ಗದ್ದೆಗಳ ಕಡೆ ತಳ್ಳುತ್ತದೆ;
ಮೂತಿಯನ್ನು ಎಡಕ್ಕೆ ಹನ್ನೊಂದು ಡಿಗ್ರಿ
ತಿರುಗಿಸಿಕೊಂಡೇ ಇರಬೇಕು,
ಹೊಳೆ ಈಜುವ ಎಮ್ಮೆಯ ಹಾಗೆ,
ಒಂದು ದಡ ನೋಡುತ್ತ ಇನ್ನೊಂದು ಕಡೆ ಏರಲು.
ಮತ್ತೆ ಕೂಡಿಸಿದೆ. ಎಂಬತ್ತನಾಲ್ಕು.
"ಆರು ನಿಮಿಷ ಹೆಚ್ಚು, ಅಷ್ಟೇ."

ಗವಿಸಿದ್ದಪ್ಪನವರು ಮಾತಾಡಲಿಲ್ಲ.
ಒರೆಸಿದ ಗೆರೆಯ ಮಸಿ ಕಾರಟಗಿಯ ಮೇಲೆ ಇನ್ನೂ ಇತ್ತು,
ಅದನ್ನು ಉಗುರಿನಿಂದ ಕೆರೆದರು.
"ಬೀಗರಿಗೆ ಹೇಳಿಬಿಟ್ಟಿದ್ದೆ," ಅಂದರು ಮೆಲ್ಲಗೆ.
"ನಾಳೆ ಎಂಟಕ್ಕ ಎಲ್ಲಾರೂ ಮಾಳಿಗಿ ಹತ್ರಿ,
ನಿಮ್ಮ ಮಿಲ್ಲಿನ ಮ್ಯಾಲ ಹಾದು ಹೋಗ್ತೀನಿ ಅಂತ.
ಮೊಮ್ಮಕ್ಕಳು ಕೆಂಪು ಸೀರಿ ಬೀಸೋರಿದ್ರು."

ಮಾಬುಸಾಬ ಖಾಲಿ ಲೋಟ ಎತ್ತಿಕೊಂಡ.
ನಕಾಶೆಯ ಒಂದು ಮೂಲೆ ಸುರುಳಿ ಸುತ್ತಿತು;
ಇನ್ನೊಂದು ಮೂಲೆಯಿಂದ ಫೋನು ಮಾಲಕರ ಕಿವಿಗೆ ಹೋಗಿತ್ತು.
ಬಾಗಿಲಾಚೆ, ರನ್‌ವೇ ಕಡೆ ಬೆನ್ನು ಮಾಡಿ ನಿಂತು
ಹೇಳುತ್ತಿದ್ದರು, ಸ್ವಲ್ಪ ಜೋರಾಗಿಯೇ:
"ಇಲ್ರೀ, ಮೋಡ ಅಲ್ಲ... ಎಂಜಿನ್ನೂ ಚಲೋ ಐತಿ...
ನಿಮ್ಮ ಕಡೆ ಗಾಡಿ ಸೈಡಿಗೆ ಹಾಕಾಕ
ಜಾಗ ಇಲ್ಲಂತ್ರೀ."