ಹಲ್ಲಿನ ಗಡಿಯಾರ

ಬೆಳಗಿನ ಐದೂ ಐವತ್ತು. ಶಾರ್ಜಾದ ಅಬು ಶಗಾರ ಗಲ್ಲಿಯಲ್ಲಿ
ಹದಿನಾಲ್ಕನೇ ನಂಬರಿನ ಹಳದಿ ಬಸ್ಸು
ಮೊದಲ ಮಗುವಿಗಾಗಿ ನಿಂತು ಗುರುಗುಟ್ಟುತ್ತದೆ.
ಸೆಪ್ಟೆಂಬರ್. ಕಡಲು ರಾತ್ರಿಯಿಡೀ ಊರೊಳಗೆ ಉಸಿರಾಡಿದೆ.
ಬಸ್ಸಿನೊಳಗೆ ಏಸಿ; ಬೆವರುವುದು ಗಾಜಿನ ಹೊರಮೈ.
ಮಕ್ಕಳು ಒಳಗಿನಿಂದ ಒರೆಸುತ್ತಾರೆ,
"ಆಂಟಿ, ಹೋಗ್ತಾ ಇಲ್ಲ."
ಆ ಕಡೆ ಇದೆ ಮಗಾ, ಅದು ಆ ಕಡೆ.

ನನ್ನ ಕೆಲಸ ಎಣಿಸುವುದು.
ಹತ್ತಿದವರು ಮೂವತ್ತೊಂದು, ಇಳಿದವರು ಮೂವತ್ತೊಂದು,
ಖಾಲಿ ಬಸ್ಸಿನ ಕೊನೆಯ ಸೀಟಿನವರೆಗೂ ನಡೆದು
ಯಾರೂ ನಿದ್ದೆ ಹೋಗಿಲ್ಲವೆಂದು ಬಗ್ಗಿ ನೋಡಿ ಸಹಿ ಹಾಕುವುದು.
ಬೆಲ್ಟು, ನೀರಿನ ಬಾಟಲಿ, ಮೂಗು, ವಾಂತಿ.
ನ್ಯಾಯ ನನ್ನ ಕೆಲಸವಲ್ಲ. ಆದರೂ
ದಿನಕ್ಕೆ ಎರಡು ಸಲ ನನ್ನ ಮುಂದೆ ಕೋರ್ಟು ಕೂಡುತ್ತದೆ:
ಕಿಟಕಿ ಯಾರದು, ಮೊದಲು ಕತ್ತೆ ಅಂದದ್ದು ಯಾರು,
ಕೆಳಗೆ ಬಿದ್ದ ರಬ್ಬರು ಹೆಕ್ಕಿದವನದೋ ಕಳೆದವನದೋ.

ಸೋಮವಾರ ಪ್ರೀಷ್ಮಾ ಝಾಹಿನನ ಮಣಿಕಟ್ಟು ಕಚ್ಚಿದಳು.
ಇಬ್ಬರೂ ನಮ್ಮ ಕಡೆಯ ಮಕ್ಕಳು; ಆಟಕ್ಕೆ ಇಂಗ್ಲಿಷು,
ಜಗಳಕ್ಕೆ ಕನ್ನಡವೇ ಬೇಕು.
ಆರು ವರ್ಷ, ಎದುರಿನ ಹಲ್ಲೊಂದು ಬಿದ್ದ ಬಾಯಿ.
ಗುಂಡಗೆ ಕೂತ ಗುರುತಿನಲ್ಲಿ
ಹನ್ನೆರಡು ಗಂಟೆಯ ಜಾಗ ಖಾಲಿ.
ಅವನು ಕೂಗಿದ. ಬಸ್ಸಿಡೀ ಎದ್ದು ನಿಂತಿತು.
ಇವಳು ಕೂತೇ ಇದ್ದಳು, ಕಿವಿ ಮಾತ್ರ ಕೆಂಪು.
"ವಾಚು ಕಟ್ಟಿದ್ದು," ಅಂದಳು.

ನನ್ನ ಕೈ ಹೋಯಿತು ಅವಳ ದವಡೆಗೆ.
ಹೋದದ್ದು ಯಾಕೆಂದು ಕೈಗೇ ಗೊತ್ತು.
ಹೆಬ್ಬೆರಳು ಕೆನ್ನೆಗೆ ತಾಗುವ ಮೊದಲು
ಮೇಲಿನ ಕನ್ನಡಿಯಲ್ಲಿ ಗುಲ್ಜಮಾನನ ಕಣ್ಣು ಕಂಡಿತು.
ಪೇಶಾವರದವನು, ಐದು ಮಕ್ಕಳ ತಂದೆ; ಏನೂ ಅನ್ನಲಿಲ್ಲ.
ಕೈಯನ್ನು ಹಾಗೇ ತಿರುಗಿಸಿ
ಅವಳ ಬೆಲ್ಟು ಸರಿಮಾಡಿದೆ.
ಮೂವತ್ತೆಂಟು ವರ್ಷ ನನಗೆ.
ಕನ್ನಡಿ ಇಲ್ಲದಿದ್ದರೆ?

ಫಾರಂ ತುಂಬಬೇಕು. ಕಾರಣ ಎಂಬಲ್ಲಿ ಎರಡೇ ಗೆರೆ ಜಾಗ.
ಟೀಚರು ಕುಕ್ಕರಗಾಲಲ್ಲಿ ಕೂತು ಮೆತ್ತಗೆ ಕೇಳಿದರು, ಯಾಕೆ ಪುಟ್ಟಾ?
"ಅವನ ಪಪ್ಪ ಬಸ್ಸಿಗೆ ಬಿಡೋಕೆ ಬರ್ತಾರೆ."
ಇವಳಪ್ಪ ರುವೈಸಿನ ಕ್ಯಾಂಪಿನಲ್ಲಿ, ತಿಂಗಳಿಗೊಮ್ಮೆ.
ಅದು ಕಾರಣವೋ, ಆ ಹೊತ್ತಿಗೆ ಬಾಯಿಗೆ ಸಿಕ್ಕ ಮಾತೋ.
ನಾನು ಬರೆದೆ: ಸೀಟಿನ ಜಗಳ.

ಮಂಗಳವಾರ ಹತ್ತುವಾಗಲೇ ತೋಳು ಮೇಲೆತ್ತಿ ಬಂದಳು.
ಎಡ ಮಣಿಕಟ್ಟಿನಲ್ಲಿ ತನ್ನದೇ ಹಲ್ಲಿನ ಗಡಿಯಾರ.
ನೇರ ಅವನ ಮೂಗಿನ ಮುಂದೆ ಹಿಡಿದು
"ಈಗ ಸಮ?"
ಅವನು ತನ್ನದನ್ನು ಪಕ್ಕಕ್ಕಿಟ್ಟು ತುಂಬ ಹೊತ್ತು ಹೋಲಿಸಿದ.
"ನಂದು ನೀಲಿ ಆಗಿದೆ. ನಿಂದು ಬರೀ ಕೆಂಪು."
ಯೋಚಿಸಿದಳು. ಕೈಯನ್ನು ಮತ್ತೆ ಬಾಯಿಗೆ ಒಯ್ದಳು.
ನಾನು ಎದ್ದು ಬರುವುದರೊಳಗೆ,
ಯಾರೂ ಹೇಳದೆ,
ಅವನು ಆ ಕೈಯನ್ನೆಳೆದು ತನ್ನ ತೊಡೆಯ ಕೆಳಗಿಟ್ಟು
ಅದರ ಮೇಲೆ ಕೂತುಬಿಟ್ಟ.
ನ್ಯಾಷನಲ್ ಪೇಂಟ್ಸ್ ಟ್ರಾಫಿಕ್ಕು ದಾಟುವವರೆಗೂ
ಇಬ್ಬರೂ ಹಾಗೇ, ಸೊಟ್ಟಗೆ,
ಮುಖ ಆಚೆಗೊಂದು ಈಚೆಗೊಂದು.
ಸಿಟ್ಟು ಇನ್ನೂ ಇತ್ತು ಇಬ್ಬರಿಗೂ.

ಶಿರ್ವದಲ್ಲಿ ನನ್ನಕ್ಕನ ಜೊತೆ ನನ್ನವನಿದ್ದಾನೆ, ಆಲ್ಡ್ರಿನ್. ಅವನಿಗೂ ಆರು.
ಮೊನ್ನೆ ಬೋಟಿಮ್ ಕಾಲಿನಲ್ಲಿ
ಬೆಕ್ಕಿನ ಮರಿಯ ಬಾಲ ಹಿಡಿದು ಎತ್ತಿದ,
ನನ್ನನ್ನೇ ನೋಡುತ್ತ, ಏನು ಮಾಡುತ್ತೀ ಎಂಬಂತೆ.
ಬಿಡು ಅಂದೆ. ಬಿಡು ಅಂದೆನಲ್ಲ.
ಹೆಬ್ಬೆರಳಿನಿಂದ ಪರದೆ ಉಜ್ಜಿದೆ, ಯಾಕೋ.
ನೆಟ್ ಹೋಯಿತು.
ಮರಿ ಗಾಳಿಯಲ್ಲೇ ನಿಂತಿತ್ತು, ಅವನ ಬಾಯಿ ಅರ್ಧ ತೆರೆದಿತ್ತು;
ನಗುವೋ ಅಳುವೋ ಆ ಚಿತ್ರದಲ್ಲಿ ತಿಳಿಯುವುದಿಲ್ಲ.
ಆಮೇಲೆ ಅಕ್ಕನಿಗೆ ಫೋನು ಮಾಡಿ
ಬೆಕ್ಕಿನ ಬಗ್ಗೆ ಕೇಳಲಿಲ್ಲ ನಾನು.

ಇವತ್ತು ಬುಧವಾರ. ಮೂವತ್ತೊಂದು. ಎಣಿಸಿ ಮುಗಿಯಿತು.
ಖಾಲಿ ಬಸ್ಸಿನಲ್ಲಿ ಕೊನೆಯ ಸೀಟಿನವರೆಗೆ ನಡೆದೆ.
ಬಿಸಿಲೇರಿ ಗಾಜು ತಾನೇ ಆರಿದೆ,
ಒಳಮೈಯಲ್ಲಿ ಉಳಿದದ್ದು ಬರೀ ಬೆರಳಿನ ಎಣ್ಣೆ.
ಸೀಟಿನ ಕೆಳಗೊಂದು ಹೊಸ ರಬ್ಬರು, ಸ್ಟ್ರಾಬೆರಿ ವಾಸನೆಯದು,
ಆಲ್ಡ್ರಿನ್‌ಗೆ ಇಷ್ಟವಾಗುವಂಥದು.
ಹೆಕ್ಕಿ ಮುಷ್ಟಿಯಲ್ಲಿ ಹಿಡಿದು
ಅಭ್ಯಾಸದಿಂದ ಕನ್ನಡಿಯತ್ತ ನೋಡಿದೆ.

ಗುಲ್ಜಮಾನ್ ಚಹಾಕ್ಕೆ ಇಳಿದಿದ್ದ.
ಕನ್ನಡಿಯಲ್ಲಿ ನಾನೊಬ್ಬಳೇ.