ಜುಟ್ಟಿನ ಲೆಕ್ಕ

ದಿದೂಬೆ ನಿಲ್ದಾಣದ ಹಿಂದೆ, ಏಳು ಮೆಟ್ಟಿಲು ಕೆಳಗೆ
ನೊದಾರನ ಖಿಂಕಾಲಿ ಅಂಗಡಿ.
ತಿಬಿಲಿಸಿಗೆ ಕರೆಂಟಿಲ್ಲದ ಚಳಿಗಾಲ ಅದು.
ಸೀಮೆಎಣ್ಣೆ ದೀಪದ ಹೊಗೆಗೆ
ಸುಣ್ಣದ ಗೋಡೆಗೂ ಮೀಸೆ ಬಂದಿತ್ತು.
ನನಗೆ ಹತ್ತೊಂಬತ್ತು. ಎಡಗಾಲಿನ ಬೂಟಿನೊಳಗೆ
ಮಡಚಿಟ್ಟ ಹಳೇ ಪತ್ರಿಕೆ.

ತ್ಸಿಯಾಲಾ ನನ್ನ ಅಂಗೈ ಹಿಡಿದು ನೋಡಿದಳು,
ಭವಿಷ್ಯ ಹೇಳುವವಳ ಹಾಗೆ.
"ಬೆಚ್ಚಗಿದೆ. ಹಿಟ್ಟಿಗೆ ಆಗದು. ತಟ್ಟೆ ಹೊರು."
ಅಷ್ಟೇ, ನನ್ನ ಸಂದರ್ಶನ ಮುಗಿಯಿತು.

ಒಳಗೆ ಮಾಂಸ, ಕರಿಮೆಣಸು, ಒಂದು ಗುಟುಕು ಸಾರು;
ಹೊರಗೆ ಹಿಟ್ಟಿನ ನೆರಿಗೆ, ಹತ್ತೊಂಬತ್ತು,
ನೆತ್ತಿಯ ಮೇಲೆ ತಿರುಚಿದ ಜುಟ್ಟು.
ಜುಟ್ಟು ಹಿಡಿದೆತ್ತಿ, ಕಚ್ಚಿ, ಸಾರು ಹೀರಿ, ತಿಂದು
ಜುಟ್ಟನ್ನು ತಟ್ಟೆಗೆ ಬಿಡುವುದು ನಮ್ಮ ರೂಢಿ.
ನೊದಾರನಲ್ಲಿ ಸಾಕೆನ್ನುವವರೆಗೂ ಬಡಿಸುವುದು,
ಕೊನೆಗೆ ಎಣಿಸುವುದು:
ಎಷ್ಟು ಜುಟ್ಟೋ ಅಷ್ಟು ಬಿಲ್ಲು.

ಒಂದೇ ತಿಂಗಳಲ್ಲಿ ಕಲಿತೆ
ಬಾಗಿಲಲ್ಲಿ ಬೂಟಿನ ಹಿಮ ಕೊಡವುವ ಸದ್ದಿನಿಂದಲೇ
ಯಾರು ಜಗಳಕ್ಕೆ ಬಂದವರು, ಯಾರು ಬರೀ ಬಿಸಿಗೆ.
ತಟ್ಟೆ ಕೈ ಸುಟ್ಟರೂ ಬಿಡಬಾರದು,
ಹತ್ತಿರದ ಮೇಜು ಮೂರೇ ಹೆಜ್ಜೆ.
ಮತ್ತೆ, ಅಡುಗೆಮನೆಗೆ ಬರಿಗೈಯಲ್ಲಿ ಮರಳಬಾರದು.
ಇದನ್ನು ತ್ಸಿಯಾಲಾ ದಿನಕ್ಕೆ ನೂರು ಸಲ ಹೇಳುತ್ತಿದ್ದಳು,
ಪಾತ್ರೆ ತಿಕ್ಕುವ ಗುಲ್ನಾರಾ
ಅವಳ ದನಿಯಲ್ಲೇ ಅಣಕಿಸುತ್ತಿದ್ದಳು.

ಮೂಲೆಯ ಮೇಜಿಗೆ ಗುರುವಾರ ಒಬ್ಬರು ಬರುತ್ತಿದ್ದರು.
ಕೋಟು ಬಿಚ್ಚುತ್ತಿರಲಿಲ್ಲ.
ನನಗೆ ನದಿಗಳ ಹೆಸರು ಕಲಿಸಿದ ಮೇಷ್ಟ್ರು;
ಅವರಿಗೆ ನನ್ನ ಗುರುತಿಲ್ಲ, ನಾನೂ ಹೇಳಲಿಲ್ಲ.
ಇಪ್ಪತ್ತು ತಂದಿಟ್ಟೆ.
ತಟ್ಟೆಯಲ್ಲಿ ಉಳಿದ ಜುಟ್ಟು ಹನ್ನೊಂದು.
ಕೋಟಿನ ಕಿಸೆಯ ಮೇಲೆ ಅಂಗೈಯಗಲ ಜಿಡ್ಡಿನ ಕಲೆ
ನಾನು ನೋಡುತ್ತಿದ್ದಂತೆಯೇ ಹರಡಿತು,
ಭೂಪಟದಲ್ಲಿ ಸರೋವರದ ಹಾಗೆ.

"ಎಷ್ಟು?" ಬೆನ್ನ ಹಿಂದೆ ತ್ಸಿಯಾಲಾ.
"ಇಪ್ಪತ್ತು ತಂದಿದ್ದೆ."
"ನಾನು ಕೇಳಿದ್ದು ಜುಟ್ಟು."
"ಹನ್ನೊಂದು."
"ಹಾಗಾದರೆ ಹನ್ನೊಂದು ತಿಂದಿದ್ದಾರೆ. ಬರೆ."

ಕಳ್ಳ, ಅಂದೆ ನಾನು, ಅಡುಗೆಮನೆಯಲ್ಲಿ.
ಗುಲ್ನಾರಾ ನೊರೆಗೈ ಎತ್ತದೆಯೇ ಅಂದಳು:
ಜುಟ್ಟೂ ಹಿಟ್ಟೇ ಅಲ್ವೇನೇ?
ಇನ್ನೊಮ್ಮೆ ಕುದಿಸಿದರೆ ಮಗು ತಿನ್ನುತ್ತದೆ.
ಅವರ ಮನೆಯಲ್ಲಿ ಮಗು ಇತ್ತೋ ಇಲ್ಲವೋ
ನಮಗ್ಯಾರಿಗೂ ಗೊತ್ತಿರಲಿಲ್ಲ.
ಸಂಬಳದ ದಿನ ನೊದಾರನ ಪುಸ್ತಕದಲ್ಲಿ ಕಂಡೆ:
ತ್ಸಿಯಾಲಾಳ ಹೆಸರಿನ ಮುಂದೆ ಕಳೆಯುವ ಗೆರೆ,
ಒಂಬತ್ತು, ಏಳು, ಒಂಬತ್ತು, ಎಂಟು.
ಎಲ್ಲವೂ ಗುರುವಾರ.

ನಾನೀಗ ಲೆಕ್ಕ ತಪಾಸಣೆಯವಳು. ಇಪ್ಪತ್ತೆರಡು ವರ್ಷ.
ಮೇಲಧಿಕಾರಿ ಹೊಗಳುತ್ತಾರೆ: ಮಾಕ್ವಾಲಾಳ ಕಣ್ಣು ತಪ್ಪಿಸಲಾಗದು,
ಎಲ್ಲಿ ಕಲಿತಳೋ!
ನೆಲಮಾಳಿಗೆಯಲ್ಲಿ, ಅನ್ನುವುದಿಲ್ಲ ನಾನು.

ಕಳೆದ ವಸಂತ, ಬತೂಮಿಯ ಒಂದು ಶಾಲೆಯ ಊಟದ ಮನೆ.
ಹಾಜರಿಯಲ್ಲಿ ಮುನ್ನೂರ ನಲವತ್ತು ತಟ್ಟೆ,
ಉಗ್ರಾಣದಲ್ಲಿ ಕರಗಿದ್ದು ಮುನ್ನೂರ ಎಪ್ಪತ್ತೊಂದರಷ್ಟು.
ಅಡುಗೆಯ ಇಜೋಲ್ದಾ ಎದುರಿಗೆ ನಿಂತಿದ್ದಳು,
ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತ.
ಕಿಟಕಿಯಾಚೆ, ಬೇಲಿಯ ಹೊರಗೆ
ಸಮವಸ್ತ್ರವಿಲ್ಲದ ನಾಲ್ಕಾರು ಮಕ್ಕಳು
ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದವು.

ಎಷ್ಟು, ಎಂದು ಕೇಳಲು ನನ್ನ ಬೆನ್ನ ಹಿಂದೆ
ಯಾರೂ ಇರಲಿಲ್ಲ.
ಮೂವತ್ತೊಂದು ಎಂದು ಬರೆದೆ.
ಬರೆದದ್ದು ಸರಿ. ಕೂಡಿಸಿ ನೋಡಿ, ಸರಿ.
ಚೀಲದಲ್ಲಿ ಅವತ್ತು ಸಂಬಳವಿತ್ತು,
ಅದೂ ಇಡಿಯಾಗಿ.

ಎದ್ದು ಹೊರಡುವಾಗ ಕೈ ತಾನಾಗಿ
ಅವಳು ಕೊಟ್ಟಿದ್ದ ಟೀ ಲೋಟ ಎತ್ತಿಕೊಂಡಿತು,
ತೊಳೆಯುವ ತೊಟ್ಟಿಯವರೆಗೂ ಹೊತ್ತಿತು.
ಬರಿಗೈಯಲ್ಲಿ ಮರಳಬಾರದಲ್ಲ.
ಇಜೋಲ್ದಾ ನನ್ನ ಮುಖ ನೋಡದೆ
ಲೋಟ ಇಸಿದುಕೊಂಡಳು.